ಏಳನೆಯ ರೊಟ್ಟಿ

ಬಾಡಿಗೆಗೆ ಬಂದ ಮೊದಲ ಗುರುವಾರವೇ ಮೆಲಿಸ್ ಸತ್ತವರ ತಟ್ಟೆಗೆ ಕೈ ಹಾಕಿದ. ಸರೋವರದ ದಡದ ಊರು ಬಾಲಿಕ್ಚಿಯ ಬೀದಿಗಳಲ್ಲಿ ದಿನವಿಡೀ ಕರೆಂಟ್ ಮೀಟರ್ ಓದಿ, ಎರಡು ನಾಯಿಗಳಿಂದ ಅಟ್ಟಿಸಿಕೊಂಡು ಬಂದವನ ಮೂಗಿಗೆ ಅಂಗಳದ ಅಡುಗೆಕೋಣೆಯಿಂದ ರೊಟ್ಟಿ ಕರಿಯುವ ವಾಸನೆ ಬಡಿಯಿತು. ಹೊಸ ಬಾಡಿಗೆದಾರನಿಗೆ ಸತ್ಕಾರ ಎಂದುಕೊಂಡ. ರಾಜಧಾನಿಯ ಫ್ಲಾಟಿನಲ್ಲಿ ಬೆಳೆದವನು. ಅವನ ಮನೆಯಲ್ಲಿ ರೊಟ್ಟಿಯೆಂದರೆ ಅಂಗಡಿಯಿಂದ ಬರುವ ವಸ್ತು. ಹೇಳದೆ ಕೇಳದೆ ಕೂತು ಎರಡು ಮುಗಿಸಿದ. ಸಾಲದೆಂಬಂತೆ, ಜಾಮ್ ಇದೆಯಾ ಎಂದೂ ಕೇಳಿದ.

ಒಲೆಯ ಮುಂದಿದ್ದ ಮನೆಯೊಡತಿ, ಮುದುಕಿ ತುರ್ದುಕನ್ ತಿರುಗಿ ನೋಡಿದಳು.

"ತಿಂದ್ಯಾ?"

"ತುಂಬಾ ಚೆನ್ನಾಗಿತ್ತು ಅಪಾ," ಎಂದ, ಅಲ್ಲಿ ತಾಯಿಯಂಥ ಹಿರಿಯ ಹೆಂಗಸರನ್ನು ಕರೆಯುವಂತೆ.

"ಚೆನ್ನಾಗಿರ್ದೆ ಏನು! ಒಂದು ನಮ್ಮ ಮಾವಂದು, ಇನ್ನೊಂದು ನಮ್ಮತ್ತೇದು. ಬದುಕಿದ್ದಾಗ ಅತ್ತೆ ತಟ್ಟೆಗೆ ಕೈ ಹಾಕೋ ಧೈರ್ಯ ಯಾರಿಗೂ ಇರ್ಲಿಲ್ಲ. ಭಲೇ ಗಂಡು ಕಣಪ್ಪಾ ನೀನು."

ಪಕ್ಕದಲ್ಲಿ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿದ್ದ ಐದು ವರ್ಷದ ಮೊಮ್ಮಗಳು ಬೇಗಾಯಿಮ್ ಅವನನ್ನು ಬೈಕೆ, ಅಂದರೆ ಅಣ್ಣ, ಎಂದು ಕರೆದು ಪಾಠ ಹೇಳಿದಳು. "ಪ್ರತಿ ಗುರುವಾರ ಸತ್ತೋರು ಬಂದು ವಾಸ್ನೆ ತಿಂತಾರೆ, ಬೈಕೆ. ಕುರಾನ್ ಓದಿ ಅವ್ರ ಹೆಸ್ರು ಹೇಳಿದ್ಮೇಲೆ ನಾವು ರೊಟ್ಟಿ ತಿನ್ನೋದು. ಅಷ್ಟೂ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಕೊರಳಲ್ಲಿ ಇಲಾಖೆಯ ಗುರುತುಚೀಟಿ ನೇತುಹಾಕಿಕೊಂಡ ಗಂಡಸು ಆ ಮಗುವಿನ ಮುಂದೆ ತಲೆ ತಗ್ಗಿಸಿದ. ಮುದುಕಿ ಮತ್ತೆರಡು ಉಂಡೆ ಕಟ್ಟಿದಳು.

ತುರ್ದುಕನ್ ಮೂವತ್ತು ವರ್ಷ ಮೀನಿನ ಕಾರ್ಖಾನೆಯಲ್ಲಿ ಉಪ್ಪು ಸವರಿದವಳು. ಕಾರ್ಖಾನೆ ಮುಚ್ಚಿತು, ಅದರ ಕಿಟಕಿಗಳನ್ನೂ ಜನ ಕಿತ್ತುಕೊಂಡು ಹೋದರು. ಅವಳ ಬೆರಳುಗಳಲ್ಲಿ ಉಪ್ಪು ಕೊರೆದ ಬಿರುಕುಗಳು ಮಾತ್ರ ಉಳಿದವು. ನಾದಲು ಹೋದರೆ ರಕ್ತ ಜಿನುಗುತ್ತಿತ್ತು. ಹಾಗಾಗಿ ನಾದುವುದು ಮಗುವಿನ ಕೆಲಸ. ಸ್ಟೂಲಿನ ಮೇಲೆ ನಿಂತು ಎರಡೂ ಮುಷ್ಟಿಯಿಂದ ಗುದ್ದುತ್ತಿದ್ದಳು.

"ಇನ್ನೂ ಗುದ್ದು. ನಿನ್ ಕಿವಿ ಹಾಲೆ ಮುಟ್ಟಿ ನೋಡ್ಕೋ, ಅಷ್ಟು ಮೆತ್ತಗಾಗ್ಬೇಕು."

ಲಟ್ಟಿಸುವುದು ಅಜ್ಜಿ, ನಡುವೆ ಬೆರಳೊತ್ತಿ ಮೂರು ತೂತು ಮಾಡುವುದು ಮೊಮ್ಮಗಳು. ಪ್ರತಿಯೊಂದೂ ಎಣ್ಣೆಗಿಳಿಯುವಾಗ ಮಗು ಕೇಳಬೇಕು, ಅಜ್ಜಿ ಹೇಳಬೇಕು: ಇದ್ಯಾರ್ದು? ಮಾವ, ಅತ್ತೆ, ಗಂಡ, ತಮ್ಮ, ಹೆಸರಿಡುವ ಮೊದಲೇ ಹೋದ ಎರಡು ಹೆಣ್ಣುಕೂಸುಗಳು. ಅಲ್ಲಿಗೆ ಆರು. ಏಳನೆಯದು?

"ಗೋರಿ ಇಲ್ದೋರ್ದು."

ಆಮೇಲೆ ಒಂದು ಪುಟ್ಟ ಉಂಡೆ ಉಳಿಯುತ್ತಿತ್ತು. ಅದು ಮಗುವಿನ ಅಪ್ಪ ತಾಲಾಯ್‌ನ ಪಾಲು. ಕಳೆದ ಅಕ್ಟೋಬರಿನಲ್ಲಿ ಬಲೆ ಎಳೆಯಲು ಸರೋವರಕ್ಕೆ ಹೋದವನು. ದೋಣಿ ಬೋರಲಾಗಿ ದಡಕ್ಕೆ ಬಂತು, ಅವನು ಬರಲಿಲ್ಲ. ಸೊಸೆ ಅತ್ತು ಸಾಕಾಗಿ ರಾಜಧಾನಿ ಬಿಶ್ಕೆಕ್‌ನ ಹೊಲಿಗೆ ಕಾರ್ಖಾನೆ ಸೇರಿದಳು. ಮುಲ್ಲಾ ಬಂದು ಅಂತ್ಯಪ್ರಾರ್ಥನೆ ಮುಗಿಸಿಬಿಡೋಣ ಎಂದಾಗ ತುರ್ದುಕನ್ ಅವನಿಗೆ ಗೇಟು ತೋರಿಸಿದಳು. ಮಗನ ರೊಟ್ಟಿಗೆ ಅವಳು ಎಣ್ಣೆ ಸೋಕಿಸುತ್ತಿರಲಿಲ್ಲ. ಒಣ ಕಾವಲಿಯ ಮೇಲೆ ಬೇಯಿಸಿ ಬಾಗಿಲ ಪಕ್ಕದ ಹಲಗೆಯ ಮೇಲೆ ಇಡುತ್ತಿದ್ದಳು.

"ಬದುಕಿರೋನು ಬಂದು ಬಾಯಲ್ಲಿ ತಿಂತಾನೆ. ಅವನಿಗ್ಯಾಕೆ ವಾಸ್ನೆ?"

ಏಪ್ರಿಲ್ ಹೊತ್ತಿಗೆ ಹಲಗೆಯ ತುಂಬ ರೊಟ್ಟಿಗಳು ಕಲ್ಲಾಗಿದ್ದವು. ಅವುಗಳನ್ನು ಮುಟ್ಟಬಾರದೆಂದು ಮೆಲಿಸ್‌ಗೆ ಯಾರೂ ಹೇಳಬೇಕಾಗಿರಲಿಲ್ಲ. ಅಷ್ಟರಮಟ್ಟಿಗೆ ಬುದ್ಧಿ ಬಂದಿತ್ತು.

ಆ ತಿಂಗಳ ಒಂದು ಸೋಮವಾರ ದಡದ ಮನೆಗಳ ಮೀಟರ್ ಓದುತ್ತಿದ್ದಾಗ ಮೀನುಗಾರನೊಬ್ಬ ಅವನನ್ನು ಕರೆದು ಕೈಗೊಂದು ಚೀಲ ತುರುಕಿದ. ಬಲೆಗೆ ಸಿಕ್ಕಿದ್ದಂತೆ. "ನೀನು ಅವಳ ಮನೇಲಿರೋನಲ್ವಾ? ನೀನೇ ಕೊಡು. ನಮ್ ಕೈಲಾಗಲ್ಲ."

ಒಳಗೆ ಎಡಗಾಲಿನ ರಬ್ಬರ್ ಬೂಟು, ಹಿಮ್ಮಡಿಗೆ ಸೈಕಲ್ ಟ್ಯೂಬಿನ ಕೆಂಪು ತೇಪೆ. ಬೂಟಿನೊಳಗೆ ಕೈಯಲ್ಲಿ ಹೆಣೆದ ಬೂದು ಉಣ್ಣೆಯ ಕಾಲುಚೀಲ.

ದಿನಕ್ಕೆ ನೂರು ಬಾಗಿಲು ಬಡಿದು "ಮೀಟರ್!" ಎಂದು ಕಿರುಚುವ ಮೆಲಿಸ್ ಈ ಒಂದು ಬಾಗಿಲನ್ನು ಬಡಿಯದೆ ದಾಟಿ ತನ್ನ ಕೋಣೆ ಸೇರಿದ. ಬೂಟನ್ನು ಮಂಚದ ಕೆಳಗೆ ತಳ್ಳಿದ. ಮಂಗಳವಾರ ತಲೆನೋವು ಎಂದು ತನಗೆ ತಾನೇ ನೆಪ ಹೇಳಿಕೊಂಡ. ಬುಧವಾರ ನೆಪ ಕೂಡ ಹೊಳೆಯಲಿಲ್ಲ. ಗುರುವಾರ ಎಣ್ಣೆ ಕಾಯುವ ಹೊತ್ತಿಗೆ ಚೀಲ ತಂದು ಹೊಸ್ತಿಲ ಮೇಲಿಟ್ಟ.

"ಅಪಾ... ದಡದಲ್ಲಿ... ಅವ್ರು ಕೊಟ್ರು..."

ಮುದುಕಿ ಕೈ ಒರೆಸಿಕೊಂಡು ಬಂದಳು. ಚೀಲ ಬಿಚ್ಚಿದಳು. ಬಿರುಕುಬಿಟ್ಟ ಹೆಬ್ಬೆರಳಿನಿಂದ ತೇಪೆಯ ಅಂಚನ್ನು ಸುತ್ತಲೂ ಸವರಿದಳು. ಕಾಲುಚೀಲವನ್ನು ಎಳೆದು ನೋಡಿ ಮತ್ತೆ ಒಳಗೇ ತುರುಕಿದಳು.

"ಸಿಕ್ಕಿ ಎಷ್ಟು ದಿನ ಆಯ್ತು?"

"ಮೂರು."

"ಅದಕ್ಕೇ ನಿನ್ ಕೋಣೆ ಮೀನು ನಾರುತ್ತೆ ಅಂತಿತ್ತು ಮಗು. ನೀನು ಸ್ನಾನ ಮಾಡಿಲ್ಲ ಅಂದ್ಕೊಂಡಿದ್ದೆ."

ಬೂಟನ್ನು ತಂದು ಒಲೆಯ ಬದಿಗೆ, ಒದ್ದೆ ಚಪ್ಪಲಿ ಒಣಗಿಸುವ ಜಾಗದಲ್ಲಿ, ನೆಟ್ಟಗೆ ನಿಲ್ಲಿಸಿದಳು. ಮಗು ಹಿಟ್ಟು ಗುದ್ದುವುದನ್ನು ನಿಲ್ಲಿಸಿ ಅದನ್ನೇ ನೋಡಿತು.

"ಯಾರ್ದದು?"

"ನೀನು ನಾದು."

ಮಗು ನಾದಿತು. ಮೆಲಿಸ್ ಹೊರಗೆ ಹೋಗಲೂ ಆಗದೆ, ಒಳಗೆ ಬರಲೂ ಆಗದೆ ಹೊಸ್ತಿಲಲ್ಲೇ ಕಂಬವಾದ. ಮುದುಕಿ ಉಂಡೆ ಕಟ್ಟಿದಳು. ಏಳೇ ಕಟ್ಟಿದಳು, ಕೊನೆಯ ಚೂರನ್ನೂ ಏಳನೆಯದಕ್ಕೇ ಸೇರಿಸಿ ಒತ್ತಿದಳು. ಕಾವಲಿ ಗೋಡೆಯ ಮೊಳೆಯಲ್ಲೇ ತೂಗುತ್ತಿತ್ತು. ಮಗು ಕೇಳುತ್ತ ಹೋಯಿತು, ಅವಳು ಹೇಳುತ್ತ ಹೋದಳು. ಮಾವಂದು, ಅತ್ತೇದು, ನಿಮ್ ತಾತಂದು. ತಮ್ಮ, ಕೂಸುಗಳು. ಏಳನೆಯ ರೊಟ್ಟಿ ಎಣ್ಣೆಗಿಳಿದು ಉಬ್ಬಿತು. ಕೋಣೆಯ ತುಂಬ ವಾಸನೆ ಹಬ್ಬಿತು.

"ಇದು ಗೋರಿ ಇಲ್ದೋರ್ದು, ನಂಗೊತ್ತು," ಎಂದಳು ಬೇಗಾಯಿಮ್. ಬರಿದಾದ ಲಟ್ಟಿಸುವ ಮಣೆಯ ಮೇಲೆ ಹಿಟ್ಟಿನ ಕೈ ಆಡಿಸಿ ಹುಡುಕಿದಳು. "ಮತ್ತೆ ಅಪ್ಪಂದೆಲ್ಲಿ ಅಪಾ?"

"ಇದೇ ನಿಮ್ಮಪ್ಪಂದು."