ಶಾರದಕ್ಕನ ಕೋವಿ ಬೀರು

ಶಾರದಕ್ಕನ ತುರುಬಿನಲ್ಲಿ ಹೂವಿನ ಬದಲು ಟೆಸ್ಟರ್ ಇರುತ್ತಿತ್ತು. ಕರೆಂಟು ಇದೆಯೋ ಇಲ್ಲವೋ ಎಂದು ನೋಡುವ ಹಳದಿ ಹಿಡಿಕೆಯ ಸಣ್ಣ ಟೆಸ್ಟರ್. ಸಾಂಬಾರಿನ ಹಂಡೆಯ ಮುಂದೆ ನಿಂತಾಗಲೂ, ದೇವರಿಗೆ ದೀಪ ಹಚ್ಚುವಾಗಲೂ ಅದು ಅಲ್ಲೇ ಸಿಕ್ಕಿಕೊಂಡಿರುತ್ತಿತ್ತು. ಕುಂದಾಪುರದ ಕಡೆಯಿಂದ ಮದುವೆಯಾಗಿ ದೆಹಲಿಗೆ ಬಂದವರು. ಜನಕಪುರಿಯ ಮಾರ್ಕೆಟ್ಟಿನಲ್ಲಿ ಅವರದೊಂದು ಸಣ್ಣ ಹೋಟೆಲು. ಗಂಡ ರಾಘಣ್ಣ ಗಲ್ಲಾದ ಹಿಂದೆ ಕೂತು ಬಂದವರಿಗೆ ನಗು, ಹೋಗುವವರಿಗೆ ಸೋಂಪು ಕೊಡುತ್ತಿದ್ದರು. ಉಳಿದ ಕಾರುಬಾರೆಲ್ಲ ಶಾರದಕ್ಕನದು. ಗ್ರೈಂಡರ್ ನಿಂತರೆ, ಫ್ರಿಜ್ಜಿನ ಬಾಗಿಲು ಜೋತುಬಿದ್ದರೆ, ನಲ್ಲಿ ಸೋರಿದರೆ, ಮೆಕ್ಯಾನಿಕ್ಕಿಗೆ ಫೋನು ಮಾಡುವ ಪದ್ಧತಿಯೇ ಅಲ್ಲಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಕೂರುತ್ತಿದ್ದರು. "ಅವ ಬಂದು ಮಾಡುದು ಎಂತ? ಬಿಚ್ಚುದು, ನೋಡುದು, ಮತ್ತೆ ಹಾಕುದು. ನನಗೆ ಕೈ ಇಲ್ವಾ?" ಎನ್ನುತ್ತಿದ್ದರು.

ನಾನು ಅದೇ ಗಲ್ಲಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಎರಡು ಹೊತ್ತೂ ಅವರ ಹೋಟೆಲಿನಲ್ಲಿ ಉಣ್ಣುತ್ತಿದ್ದೆ. ಒಂದು ಶನಿವಾರ ದೋಸೆಯ ತಟ್ಟೆಯನ್ನು ತಾವೇ ತಂದಿಟ್ಟು, ಎದುರಿನ ಕುರ್ಚಿ ಎಳೆದು ಕೂತರು. "ನಿನ್ನ ರೂಮಿನಲ್ಲಿ ಡ್ರಿಲ್ಲಿಂಗ್ ಮೆಶಿನ್ ಉಂಟಂತೆ?" ಎಂದು ಕೇಳಿದರು. ಪುಸ್ತಕದ ಹಲಗೆ ಹೊಡೆಯಲು ಕೊಂಡದ್ದು ಇದೆ ಅಂದೆ. ಆ ಒಂದು ಉತ್ತರಕ್ಕೆ ನನ್ನ ನಾಲ್ಕು ತಿಂಗಳ ಭಾನುವಾರಗಳು ಹೋದವು.

ವಿಷಯ ಇಷ್ಟು. ಅವರ ಒಬ್ಬಳೇ ಮಗಳು ಶ್ರಾವ್ಯಾ ಕಾಲೇಜಿನಲ್ಲಿ ರೈಫಲ್ ಶೂಟಿಂಗ್ ಕಲಿಯುತ್ತಿದ್ದಳು. ಮೊದಲು ಗೊತ್ತಾದಾಗ ಶಾರದಕ್ಕ ಒಂದು ತಿಂಗಳು ಅವಳ ಜೊತೆ ಮಾತು ಬಿಟ್ಟಿದ್ದರಂತೆ. "ಈ ಮನೆಗೆ ಇವತ್ತಿನವರೆಗೆ ಒಂದು ಮೊಟ್ಟೆ ಬರಲಿಲ್ಲ. ಇವಳು ಕೋವಿ ತರ್ತಾಳಂತೆ!" ಎಂದು ರಾಘಣ್ಣನ ಮೇಲೆ ಕೂಗಾಡಿದ್ದರಂತೆ. ಆಮೇಲೆ ಒಂದು ದಿನ ಯಾರಿಗೂ ಹೇಳದೆ ಮೆಟ್ರೊ ಹತ್ತಿ ಸ್ಪರ್ಧೆ ನಡೆಯುವ ಜಾಗಕ್ಕೆ ಹೋಗಿ, ಎಲ್ಲರಿಗಿಂತ ಹಿಂದೆ ನಿಂತು ನೋಡಿ ಬಂದರು.

"ಊಟಕ್ಕೆ ಕೂತ್ರೆ ಐದು ನಿಮಿಷ ಕೂರದ ಹುಡುಗಿ ಅಲ್ಲಿ ಕಲ್ಲಿನ ಹಾಗೆ ನಿಂತಿದ್ದಾಳೆ ಮಾರಾಯ. ಒಂದು ಗಂಟೆ! ಇವಳನ್ನು ಹೆತ್ತದ್ದು ನಾನೇ ಹೌದಾ ಅಂತ ಕನ್ನಡಕ ಒರೆಸಿ ಒರೆಸಿ ನೋಡಿದೆ" ಎಂದು ಆ ಕಥೆಯನ್ನು ನನಗೇ ನಾಲ್ಕು ಸಲ ಹೇಳಿದ್ದಾರೆ. ಅಲ್ಲಿಂದ ಹಟ ತಿರುಗಿತು. ಮಗಳಿಗಿಂತ ತಾಯಿಗೇ ಶೂಟಿಂಗಿನ ಹುಚ್ಚು ಜಾಸ್ತಿಯಾಯಿತು. ಸ್ವಂತ ರೈಫಲ್ ಕೊಳ್ಳಲು ಶ್ರಾವ್ಯಾಳಿಂದ ಲೈಸೆನ್ಸಿಗೆ ಅರ್ಜಿ ಹಾಕಿಸಿದರು. ವಿಚಾರಣೆಗೆ ಬಂದ ಪೊಲೀಸಪ್ಪ, ಬಂದೂಕನ್ನು ಎಲ್ಲಿಡುತ್ತೀರಿ ಎಂದು ಕೇಳಿದ. ಶಾರದಕ್ಕ ತಮ್ಮ ಕೋಣೆಯ ಬೀರು ತೋರಿಸಿದರು. ಆತ ಅದರ ಬಾಗಿಲನ್ನು ಒಂದು ಸಲ ಅಲ್ಲಾಡಿಸಿ, "ಮಾತಾಜಿ, ಇದರಲ್ಲಿ ಸೀರೆ ಇಡಿ" ಎಂದು ಹಿಂದಿಯಲ್ಲಿ ಹೇಳಿ, ಚಹಾ ಕುಡಿದು ಹೋದ.

ಆ ಮಾತು ಅವರನ್ನು ಚುಚ್ಚಿತು. ಅಂಗಡಿಯಲ್ಲಿ ಸಿಗುವ ತಿಜೋರಿ ತರೋಣ ಎಂದು ರಾಘಣ್ಣ ಮೆಲ್ಲಗೆ ಅಂದದ್ದಕ್ಕೆ, "ಅದನ್ನು ಮಾಡಿದವನಿಗೂ ಎರಡೇ ಕೈ" ಎಂಬ ಉತ್ತರ ಬಂತು.

ಹೋಟೆಲಿನಲ್ಲಿ ಬೇಳೆ, ಇಂಗು ಇಡುತ್ತಿದ್ದ ಹಳೆಯ ಉಕ್ಕಿನ ಬೀರು ಒಂದಿತ್ತು. ನಿಂತರೆ ಮೊಣಕೈಗೆ ಬರುವಷ್ಟು ಎತ್ತರದ್ದು, ಆದರೆ ತಗಡು ದಪ್ಪ. ಅದನ್ನು ಮೂರು ಜನ ಸೇರಿ ಹಿಂದಿನ ಗಲ್ಲಿಯ ಅವರ ಫ್ಲ್ಯಾಟಿಗೆ ಹೊತ್ತೆವು. ಒಳಗಿನ ಹಲಗೆಗಳನ್ನು ಕಿತ್ತೆವು. ಬಾಗಿಲಿಗೆ ಇನ್ನೊಂದು ಪದರ ತಗಡು ಕೊಟ್ಟೆವು. ಕೀಲುಗಳು ಹೊರಗಿದ್ದರೆ ಕಳ್ಳ ಕತ್ತರಿಸುತ್ತಾನೆ ಎಂದು ಅವನ್ನೂ ಒಳಗೆ ಹಾಕಿಸಿದರು. ಅದಕ್ಕೇ ಮೂರು ಭಾನುವಾರ. ಜೂನ್ ತಿಂಗಳ ಸೆಕೆಯಲ್ಲಿ, ಫ್ಯಾನು ಹಾಕಿದರೆ ಕಬ್ಬಿಣದ ಪುಡಿ ಹಾರುತ್ತದೆಂದು ಫ್ಯಾನೂ ಇಲ್ಲದೆ, ನಾನು ಬೆವರಿನಲ್ಲಿ ಅದ್ದಿದವನಂತೆ ಕೂತು ತೂತು ಕೊರೆಯುತ್ತಿದ್ದೆ. ಕೀಲು ಕೂತರೆ ಬಾಗಿಲು ಕೂರುತ್ತಿರಲಿಲ್ಲ. ಬಾಗಿಲು ಕೂತರೆ ಬೀಗ ತಿರುಗುತ್ತಿರಲಿಲ್ಲ. ಒಮ್ಮೆ ಎಲ್ಲ ಸರಿಯಾಯಿತೆಂದು ಖುಷಿಯಿಂದ ಬಾಗಿಲು ತಳ್ಳಿದಾಗ ಅದು ಬೀಗ ಹಾಕಿಕೊಂಡಿತು. ಕೀಲಿಕೈ ಒಳಗೆ.

"ಇರಲಿ. ಬೀಗ ಗಟ್ಟಿ ಉಂಟು ಅಂತ ಗೊತ್ತಾಯ್ತಲ್ಲ" ಅಂದರು ಶಾರದಕ್ಕ. ನನಗೆ ಅಳು ಬಂದಿತ್ತು.

ಗೋಡೆಗೆ ಬಿಗಿಯುವ ದಿನ ಇನ್ನೊಂದು ಅವಾಂತರ. ಗೋಡೆ ದಪ್ಪ ಇದೆ, ಇನ್ನೂ ಒತ್ತು, ಇನ್ನೂ ಒತ್ತು ಎಂದು ಅವರು ಹಿಂದಿನಿಂದ ಹೇಳುತ್ತಲೇ ಇದ್ದರು. ಇದ್ದಕ್ಕಿದ್ದಂತೆ ಡ್ರಿಲ್ ಮುಗ್ಗರಿಸಿದಂತೆ ಒಳಗೆ ಹೋಯಿತು. ಆಚೆ ಕಡೆಯಿಂದ ಪಕ್ಕದ ಮನೆಯ ಪಂಜಾಬಿ ಆಂಟಿಯ ಕಿರುಚು ಕೇಳಿಸಿತು. ಅವರ ಉಪ್ಪಿನಕಾಯಿಯ ಭರಣಿಗಳ ನಡುವೆ ಡ್ರಿಲ್ಲಿನ ತುದಿ ಗಿರ್ರೆಂದು ತಿರುಗುತ್ತಿತ್ತಂತೆ. ಶಾರದಕ್ಕ ಸಿಮೆಂಟಿನ ಬಟ್ಟಲು ಹಿಡಿದು ಆ ಮನೆಗೆ ಹೋಗಿ ತೂತು ಮುಚ್ಚಿ, ಹಾಗೇ ಅವರ ಗ್ಯಾಸ್ ಒಲೆಯನ್ನೂ ರಿಪೇರಿ ಮಾಡಿ ಬಂದರು. ಆಮೇಲೆ ಬೀರುವನ್ನು ಕಂಬವಿದ್ದ ಮೂಲೆಗೆ ಸರಿಸಿ ಆರು ಬೋಲ್ಟು ಹೊಡೆದೆವು. ಯಾರೂ ಪಾನಾ ಹಾಕಿ ಬಿಚ್ಚಬಾರದೆಂದು ಬೋಲ್ಟುಗಳ ತಲೆಯನ್ನು ಶಾರದಕ್ಕ ತಾವೇ ಉಜ್ಜಿ ನುಣ್ಣಗೆ ಮಾಡಿದರು.

ಅದಾದ ಎರಡು ದಿನಕ್ಕೆ ಅಳತೆ ತಪ್ಪಿದ್ದು ಗೊತ್ತಾಯಿತು. ರೈಫಲ್ ಇನ್ನೂ ಬಂದಿರಲಿಲ್ಲ. ಶಾರದಕ್ಕ ಕೋಚ್ ಹತ್ತಿರ ಫೋನಿನಲ್ಲಿ ಉದ್ದ ಕೇಳಿ ಬರೆದುಕೊಂಡಿದ್ದರು. ಹೆಗಲಿಗೆ ಆನಿಸುವ ತುಂಡನ್ನು ಶ್ರಾವ್ಯಾಳ ಎತ್ತರಕ್ಕೆ ತಕ್ಕಂತೆ ಹೊರಗೆ ಎಳೆದಾಗ ಅದು ಇನ್ನೂ ಐದು ಇಂಚು ಉದ್ದವಾಗುತ್ತದೆಂದು ಆತ ಹೇಳಿರಲಿಲ್ಲ, ಇವರು ಕೇಳಿರಲಿಲ್ಲ. ಓರೆಯಾಗಿ ಇಡೋಣ ಅಂದೆ. "ಮಗುವನ್ನು ಓರೆಯಾಗಿ ಮಲಗಿಸ್ತೀಯಾ?" ಅಂದರು. ಗೋಡೆಯಿಂದ ಬಿಚ್ಚಲು ಈಗ ಆಗದು. ಹಾಗಾಗಿ ನಿಂತಲ್ಲೇ ಅದರ ನೆತ್ತಿಯನ್ನು ಕತ್ತರಿಸಿ, ಮೇಲೆ ಒಂದು ಪೆಟ್ಟಿಗೆ ಕೂರಿಸಿ ಎತ್ತರಿಸುವುದು, ಬಾಗಿಲಿಗೂ ಅಷ್ಟೇ ಉದ್ದದ ತುಂಡು ಸೇರಿಸುವುದು ಎಂದಾಯಿತು. ಮತ್ತೆ ಭಾನುವಾರಗಳು.

ಆ ವಾರವೇ ಮೆಟ್ರೊ ನಿಲ್ದಾಣದ ಕೆಳಗೆ ಗೋಲ್‌ಗಪ್ಪೆಯ ಗಾಡಿಯ ಹತ್ತಿರ ಶ್ರಾವ್ಯಾ ಸಿಕ್ಕಿದಳು. ನನಗೂ ಒಂದು ದೊನ್ನೆ ಕೊಡಿಸಿ, "ಭಯ್ಯಾ, ಏಕ್ ಬಾತ್ ಹೇಳ್ಲಾ? ನಂಗೆ ಶೂಟಿಂಗ್ ಬೇಡ" ಅಂದಳು.

ನಾನು ಬಾಯಲ್ಲಿದ್ದದ್ದನ್ನು ನುಂಗಿ, "ಅಂದ್ರೆ?" ಅಂದೆ.

"ಬೇಡ ಅಂದ್ರೆ ಬೇಡ. ಮೊದಲು ಮಜಾ ಆತಾ ಥಾ. ಈಗ ಮ್ಯಾಚ್ ಅಂದ್ರೆ ಹಿಂದಿನ ದಿನದಿಂದ ಊಟ ಹೋಗಲ್ಲ. ಬೆರಳೆಲ್ಲ ಠಂಡಾ ಆಗ್ತದೆ. ಲಾಸ್ಟ್ ಟೈಮ್ ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿದೆ. ಯಾರಿಗೂ ಹೇಳಿಲ್ಲ."

"ಅಮ್ಮನಿಗೆ ಹೇಳು."

"ಹೇಗೆ ಹೇಳುದು? ಅಮ್ಮನ ಕೈ ನೋಡಿದ್ದೀರಾ? ತಗಡು ತಾಗಿ ಎಲ್ಲ ಕಟ್ ಆಗಿದೆ. ಆ ಕೈಯಲ್ಲೇ ನಂಗೆ ಚಪಾತಿ ಹಾಕ್ತಾರೆ. ನೀವು ಬೋಲ್ ದೋ ನಾ ಭಯ್ಯಾ, ಪ್ಲೀಸ್. ನಿಮ್ಮ ಮಾತು ಕೇಳ್ತಾರೆ."

ಶಾರದಕ್ಕ ನನ್ನ ಮಾತು ಕೇಳುತ್ತಾರೆ ಎಂಬುದು ನನಗೆ ಹೊಸ ಸುದ್ದಿಯಾಗಿತ್ತು. ಆದರೂ ಆಯ್ತು ಅಂದೆ.

ಮುಂದಿನ ಭಾನುವಾರ ಹೇಳಲೆಂದೇ ಹೋದೆ. "ಅಕ್ಕ, ಒಂದು ವಿಷಯ" ಎನ್ನುವಷ್ಟರಲ್ಲಿ ತಗಡಿನ ಒಂದು ತುದಿ ನನ್ನ ಕೈಗೆ ಬಂತು. "ವಿಷಯ ಆಮೇಲೆ, ಮೊದಲು ಇದನ್ನು ಹಿಡಿ." ಕತ್ತರಿಸುವ ಮೆಶಿನ್ನಿನ ಸದ್ದಿಗೆ ಮನೆಯೆಲ್ಲ ನಡುಗಿತು. ಸದ್ದು ನಿಂತಾಗ ನೆತ್ತಿ ತೆರೆದ ಬೀರು ನಮ್ಮೆದುರಿಗಿತ್ತು. ಈಗ ಹೇಳಿ ಏನು ಪ್ರಯೋಜನ ಅನ್ನಿಸಿತು. ಅದರ ಮುಂದಿನ ವಾರ ಇನ್ನೊಮ್ಮೆ ಬಾಯಿ ತೆರೆದೆ. ಅವರು ಕೋವಿಯ ನಳಿಗೆ ಆನಿಸಲು ಮರದ ತುಂಡೊಂದನ್ನು ಉಜ್ಜುತ್ತಾ ಕೂತಿದ್ದರು. ಅದರ ಕಚ್ಚಿಗೆ ತಮ್ಮದೇ ಹಳೆಯ ಮಗ್ಗದ ಸೀರೆಯ ತುಂಡನ್ನು ಅಂಟಿಸಿದ್ದರು. "ಗೀರು ಬೀಳಬಾರದು ನೋಡು" ಅಂದರು. ನಾನು ಬಾಯಿ ಮುಚ್ಚಿದೆ. ನನ್ನ ಮೇಲೆ ನನಗೇ ರೇಗಿತು. ಆ ರೇಗು ಅವರ ಮೇಲೂ ತಿರುಗಿತು. ಇಡೀ ಹೋಟೆಲಿನಲ್ಲಿ ಎಲ್ಲಿ ಸ್ಕ್ರೂ ಸಡಿಲವಾದರೂ ಕಂಡುಹಿಡಿಯುವ ಹೆಂಗಸಿಗೆ, ಮಗಳು ತಟ್ಟೆಯಲ್ಲಿ ಅನ್ನ ಬಿಡುವುದು ಹೇಗೆ ಕಾಣುತ್ತಿಲ್ಲ? ಶ್ರಾವ್ಯಾ ದಿನಾ ಫೋನಿನಲ್ಲಿ ಕೇಳುತ್ತಿದ್ದಳು: "ಬೋಲಾ ಕ್ಯಾ?" ಇನ್ನೂ ಇಲ್ಲ, ಇನ್ನೂ ಇಲ್ಲ ಎನ್ನುತ್ತಿದ್ದೆ. ಆಮೇಲೆ ಅವಳು ಕೇಳುವುದನ್ನೂ ಬಿಟ್ಟಳು.

ಸೆಪ್ಟೆಂಬರಿನಲ್ಲಿ, ಲೈಸೆನ್ಸು ಕೈಗೆ ಬರುವ ಮೊದಲೇ, ಬೀರು ಮುಗಿಯಿತು. ಬೂದು ಬಣ್ಣ, ಒಳಗೆ ಹಸಿರು ಕಂಬಳಿ, ಗುಂಡುಗಳಿಗೆ ಬೇರೆ ಪೆಟ್ಟಿಗೆ, ಅದಕ್ಕೆ ಬೇರೆ ಬೀಗ. ಮೇಲಿನ ಜೋಡಣೆಯಲ್ಲಿ ಒಂದು ಎಳೆ ಬೆಳಕೂ ತೂರುತ್ತಿರಲಿಲ್ಲ. ಕಿರಿಕಿರಿಯೆಲ್ಲ ಮರೆತು ಹೇಳಬೇಕೆಂದರೆ, ಕೆಲಸ ನಿಜಕ್ಕೂ ಚೆನ್ನಾಗಿತ್ತು. ಶಾರದಕ್ಕ ಬಾಗಿಲಿಗೆ ಕುಂಕುಮ ಇಟ್ಟು ಮಗಳನ್ನು ಕರೆದರು. "ಬಾ ಶ್ರಾವು, ನೀನೇ ತೆಗಿ" ಎಂದು ಕೀಲಿಕೈ ಕೊಟ್ಟರು.

ಶ್ರಾವ್ಯಾ ತೆಗೆದಳು. ಕಂಬಳಿಯನ್ನು ಮುಟ್ಟಿದಳು, ಸೀರೆಯ ತುಂಡನ್ನು ಮುಟ್ಟಿದಳು. ಅವಳ ಹೆಗಲು ಅಲುಗತೊಡಗಿತು. ಖುಷಿಗೆ ಅಳುತ್ತಿದ್ದಾಳೆಂದು ಶಾರದಕ್ಕ ನನ್ನ ಕಡೆ ನೋಡಿ ನಕ್ಕರು. ಆ ನಗುವನ್ನು ನಾನು ಎದುರಿಸಲಾರದೆ ನೆಲ ನೋಡಿದೆ.

"ಸಾರಿ ಅಮ್ಮ. ನಂಗೆ ಬೇಡ" ಅಂದಳು ಶ್ರಾವ್ಯಾ. "ಬೀರು ಅಲ್ಲ, ಶೂಟಿಂಗೇ ಬೇಡ. ಮುಝ್‌ಸೇ ನಹೀ ಹೋತಾ ಅಮ್ಮ, ನನ್ನಿಂದ ಆಗಲ್ಲ. ಭಯ್ಯಾಗೆ ಹೇಳಿದ್ದೆ, ಅವರೂ ಹೇಳ್ಲಿಲ್ಲ."

ಶಾರದಕ್ಕ ಬೀರುವಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿನಗೆ ಗೊತ್ತಿತ್ತಾ?"

"ಹೌದು ಅಕ್ಕ."

"ಯಾವಾಗಿಂದ?"

"ಮೇಲಿನ ತಗಡು ಕತ್ತರಿಸುವ ಮುಂಚಿನಿಂದ."

"ಮತ್ತೆ ಆ ತೂತೆಲ್ಲ ಎಂತಕ್ಕೆ ಕೊರೆದೆ?"



ಮಗಳನ್ನು ಅವರು ಮರುದಿನವೇ ಕ್ಷಮಿಸಿದರು. ಬೆಳಿಗ್ಗೆ ಎಬ್ಬಿಸಿ, ತಿಂಡಿಗೆ ಏನು ಮಾಡಲಿ ಎಂದು ಕೇಳಿದರಂತೆ. ನೀರುದೋಸೆ ಅಂದಳಂತೆ. ಎಂಟು ತಿಂದಳಂತೆ. ನನ್ನನ್ನು ಕ್ಷಮಿಸಲಿಲ್ಲ. ಹೋಟೆಲಿಗೆ ಹೋದರೆ ನನ್ನ ಊಟ ಸಪ್ಲೈಯರ್ ಕೈಯಲ್ಲಿ ಬರುತ್ತಿತ್ತು, ಸಾರಿಗೆ ತುಪ್ಪವೂ ಮೊದಲಿನಂತೆಯೇ ಬೀಳುತ್ತಿತ್ತು. ಆದರೆ ಶಾರದಕ್ಕ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಹೀಗೇ ಏಳೆಂಟು ತಿಂಗಳು ಕಳೆಯಿತು. ಅಷ್ಟರಲ್ಲಿ ಹೋಟೆಲಿನ ಜಾಗವನ್ನು ಮಾಲೀಕ ತನಗೇ ಬೇಕೆಂದು ಕೇಳಿದ. ಅವರು ಘಾಜಿಯಾಬಾದಿನಲ್ಲಿ ಫ್ಲ್ಯಾಟು ನೋಡಿ, ಮನೆಯಿಂದಲೇ ಡಬ್ಬಿ ಊಟ ಕಳಿಸುವುದೆಂದು ತೀರ್ಮಾನಿಸಿದರು. ಇದನ್ನು ನನಗೆ ಹೇಳಿದ್ದು ರಾಘಣ್ಣ, ಸೋಂಪು ಕೊಡುತ್ತಾ.

ಮನೆ ಖಾಲಿ ಮಾಡುವ ದಿನ ಬೆಳಿಗ್ಗೆ ಫೋನು ಬಂತು. "ಮೆಶಿನ್ ತಕೊಂಡು ಬಾ." ಅಷ್ಟೇ.

ಓಡಿದೆ. ಖಾಲಿ ಕೋಣೆಯಲ್ಲಿ ಬೀರು ಒಂದೇ ನಿಂತಿತ್ತು. ಅದನ್ನು ಗೋಡೆಯಿಂದ ಬಿಡಿಸಲು ಎರಡು ಗಂಟೆ ಗುದ್ದಾಡಿದೆವು. ನುಣ್ಣಗಾದ ಬೋಲ್ಟುಗಳ ಮೇಲೆ ಡ್ರಿಲ್ಲಿನ ಮೊನೆ ಜಾರುತ್ತಿತ್ತು. ಎರಡು ಮೊನೆ ಮುರಿದವು. ಮೂರನೆಯದು ಕೆಂಪಗೆ ಕಾದು ಮೊಂಡಾಯಿತು. ಕೆಳಗೆ ಟೆಂಪೊದವನು ಹಾರ್ನ್ ಹೊಡೆಯುತ್ತಲೇ ಇದ್ದ. ಕೊನೆಗೆ ಶಾರದಕ್ಕ ಕೈಯೆತ್ತಿ ನನ್ನನ್ನು ನಿಲ್ಲಿಸಿದರು. ಗೋಡೆಗೆ ಒರಗಿ ನೆಲದ ಮೇಲೆ ಕೂತರು. ನಾನೂ ಕೂತೆ.

"ನಿನ್ನ ಹತ್ರ ಹೇಳುವಾಗ ಅವಳು ಅಳ್ತಾ ಇದ್ಲಾ?" ಎಂದು ಕೇಳಿದರು.

"ಇಲ್ಲ ಅಕ್ಕ. ಗೋಲ್‌ಗಪ್ಪೆ ತಿಂತಾ ಇದ್ಲು."

"ನನಗೆ ಹೇಳ್ಲಿಕ್ಕೆ ಅಷ್ಟು ಹೆದರಿಕೆಯಾ ಅವಳಿಗೆ?"

"ಹೆದರಿಕೆ ಅಲ್ಲ. ನಿಮ್ಮನ್ನು ನೋಯಿಸಲಿಕ್ಕೆ ಮನಸ್ಸಿರಲಿಲ್ಲ."

"ಅದನ್ನೇ ಮಾರಾಯ ಹೆದರಿಕೆ ಅನ್ನುದು" ಅಂದರು. ಮುರಿದ ಮೊನೆಯೊಂದನ್ನು ನೆಲದಿಂದ ಹೆಕ್ಕುತ್ತಾ, "ನಿನಗೂ ಅದೇ ಇದ್ದದ್ದಾ?" ಎಂದರು.

ನಾನು ತಲೆಯಾಡಿಸಿದೆ. ಅವರು ಎದ್ದು, ಸೀರೆಯ ಧೂಳು ಕೊಡವಿಕೊಂಡು, ಬೀರುವನ್ನು ಅಲ್ಲೇ ಬಿಟ್ಟು ಕೆಳಗಿಳಿದರು. ಟೆಂಪೊದವನು ಕಟ್ಟಿದ ಹಗ್ಗ ಅವರಿಗೆ ಸರಿಕಾಣಲಿಲ್ಲ. ಅವನನ್ನು ಸರಿಸಿ, ಗಂಟುಗಳನ್ನೆಲ್ಲ ಬಿಚ್ಚಿ, ಗ್ರೈಂಡರಿಗೆ ಒಂದು ಸುತ್ತು ಜಾಸ್ತಿ ಕೊಟ್ಟು ಮತ್ತೆ ಕಟ್ಟಿದರು. ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು "ಎಳಿ" ಅಂದರು, ಎಳೆದೆ. ಆಮೇಲೆ ಶ್ರಾವ್ಯಾಳ ಪಕ್ಕದಲ್ಲಿ ಹತ್ತಿ ಕೂತರು. ಟೆಂಪೊ ಹೊರಟಿತು.

ಇಲ್ಲಿಂದ ಘಾಜಿಯಾಬಾದಿಗೆ ಮೆಟ್ರೊದಲ್ಲಿ ಒಂದೂವರೆ ಗಂಟೆಯ ದಾರಿ. ಬರುವ ವಾರ ಬರುತ್ತೇನೆ ಎಂದು ಶ್ರಾವ್ಯಾಳಿಗೆ ಫೋನಿನಲ್ಲಿ ಹೇಳುತ್ತಾ ಎರಡು ವರ್ಷವಾಯಿತು. ಅವಳು ಈಗ ನೊಯಿಡಾದಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಕಳೆದ ಭಾನುವಾರ ಮಾತಾಡುವಾಗ ಹಿಂದಿನಿಂದ ಶಾರದಕ್ಕನ ದನಿ ಕೇಳಿಸಿತು: "ಬರುದಿದ್ರೆ ಬರ್ಲಿ, ಇಲ್ಲದಿದ್ರೆ ಬರುದಿಲ್ಲ ಅಂತ ಬಾಯಿ ಬಿಟ್ಟು ಹೇಳ್ಲಿ."