ಕರಾರಿಗೊಂದು ತಕರಾರು

ನಮ್ಮ ಕಚೇರಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಬೆನ್ನ ಹಿಂದೆ ಎಲ್ಲರಿಗೂ ಅವರು ತಕರಾರಮ್ಮ. ಆ ಹೆಸರಿಟ್ಟ ಮಹಾನುಭಾವ ನಾನೇ. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನವೂ ಮುಖ ಗಂಟು ಹಾಕಿಕೊಂಡವರಲ್ಲ. ನನಗೆ ಅದೇ ಇನ್ನಷ್ಟು ಉರಿ.

ನಾವು ಮಾಡುತ್ತಿದ್ದದ್ದು ಕಂಪೈಲರ್. ಪ್ರೋಗ್ರಾಂ ಬರೆಯುವವರು ಬರೆದದ್ದನ್ನು ಓದಿ, ತಪ್ಪಿದ್ದರೆ ವಾಪಸ್ ಅಟ್ಟಿ, ಸರಿಯಿದ್ದರೆ ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ಸಾಧನ. ನಮ್ಮ ಪ್ರೋಗ್ರಾಂ ಭಾಷೆಯಲ್ಲಿ ಟ್ರೇಟ್ ಎಂಬುದೊಂದಿತ್ತು, ನಾವು ಅದನ್ನು ಕರಾರು ಎಂದೇ ಕರೆಯುತ್ತಿದ್ದೆವು. ಯಾವ ಕೆಲಸ, ಯಾವ ಷರತ್ತಿನ ಮೇಲೆ ಆಗಬೇಕು ಎಂದು ಕರಾರು ಹೇಳುತ್ತದೆ. ಅದನ್ನು ನೆರವೇರಿಸುವ ಭಾಗವನ್ನು ಬೇರೊಬ್ಬರು ಬರೆಯುತ್ತಾರೆ. ನೆರವೇರಿಸುವವರು ಕರಾರಿನಲ್ಲಿ ಇಲ್ಲದ ಹೊಸ ಷರತ್ತನ್ನು ತೂರಿಸುವಂತಿಲ್ಲ. ತೂರಿಸಿದರೆ ಕಂಪೈಲರ್ ಹಿಡಿಯಬೇಕು. ಹಾಗೆ ಹಿಡಿಯುವ ಪರೀಕ್ಷೆಯನ್ನು ಏಳು ವರ್ಷದ ಹಿಂದೆ ಬರೆದವರು ತಕರಾರಮ್ಮ.

ಇಲ್ಲಿಗೆ ಬರುವ ಮೊದಲು ಅವರು ದಸ್ತಾವೇಜು ಬರೆಯುವವರೊಬ್ಬರ ಅಂಗಡಿಯಲ್ಲಿ ಕೂತು ಬಾಡಿಗೆ ಕರಾರು ಟೈಪ್ ಮಾಡುತ್ತಿದ್ದರಂತೆ. ಮೂಲೆಯಲ್ಲಿ ಅಡಗಿಸಿದ ಷರತ್ತು ಹುಡುಕಿ ಹುಡುಕಿ ಅಲ್ಲೇ ಕಣ್ಣು ಪಳಗಿತ್ತು. ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಪೆನ್ಸಿಲ್ ಕಚ್ಚುತ್ತಿದ್ದಾರೆ ಎಂದರೆ ನನ್ನ ಗ್ರಹಚಾರ ನೆಟ್ಟಗಿಲ್ಲ ಎಂದು ಅರ್ಥ. ಗಂಡ ಲಿಫ್ಟ್ ಮೆಕ್ಯಾನಿಕ್. "ಅವರದು ಮೇಲೆ ಕೆಳಗೆ ಓಡಾಡೋ ಉದ್ಯೋಗ, ನಂದು ಕೂತಲ್ಲೇ ಬೇರು ಬಿಡೋ ಉದ್ಯೋಗ," ಎನ್ನುವುದು ಅವರು ಆಡುತ್ತಿದ್ದ ಒಂದೇ ಒಂದು ತಮಾಷೆ.

ಹೊಸ ಆವೃತ್ತಿಗಳನ್ನು ಬಿಡುಗಡೆ ಮಾಡುವ ಹೊಣೆ ನನ್ನದು. ಆ ದಿನ ಮಧ್ಯಾಹ್ನ ಮೂರಕ್ಕೆ ಬಿಡುಗಡೆ. ಬೆಳಿಗ್ಗೆ ಹನ್ನೊಂದಕ್ಕೆ ಅವರು ನನ್ನ ಮೇಜಿನ ಮುಂದೆ ಬಂದು ನಿಂತರು. ಬಾಯಲ್ಲಿ ಪೆನ್ಸಿಲ್ ಇತ್ತು.

"ಸರ್, ನನ್ನ ಪರೀಕ್ಷೆಯಲ್ಲೇ ತೂತಿದೆ."

"ಇವತ್ತೇ ಕಾಣಿಸಬೇಕಿತ್ತಾ ಮೇಡಂ?"

"ಕರಾರಲ್ಲಿ ಏನಿದೆಯೋ ಅದನ್ನ ಮಾತ್ರ ನಿಜ ಅಂತ ಇಟ್ಕೊಂಡು ಮಿಕ್ಕಿದ್ದನ್ನ ಪರೀಕ್ಷೆ ಮಾಡ್ಬೇಕಿತ್ತು. ನಾನು ನೆರವೇರಿಸೋರ ಷರತ್ತನ್ನೂ ಮೊದಲೇ ನಿಜ ಅಂತ ಸೇರಿಸಿಬಿಟ್ಟಿದೀನಿ. ಇನ್ನೇನು, ಅದಕ್ಕೆ ಅದೇ ಸಾಕ್ಷಿ. ಯಾವ ಷರತ್ತು ತೂರಿಸಿದ್ರೂ ಪಾಸು."

ಪರೀಕ್ಷೆ ಬರೆದವನೇ ತನ್ನ ಉತ್ತರಪತ್ರಿಕೆ ತಿದ್ದಿಕೊಂಡ ಕಥೆ. ಅವರು ಎರಡು ಸಾಲು ಅತ್ತಿತ್ತ ಮಾಡಿ ಸರಿಪಡಿಸಿಯೂ ಆಗಿತ್ತು. ಗಿರಾಕಿಗಳು ನಮಗೆ ಕೊಟ್ಟಿಟ್ಟಿದ್ದ ಇನ್ನೂರ ಹನ್ನೆರಡು ಪ್ರೋಗ್ರಾಂಗಳ ಮೇಲೆ ಹೊಸ ಪರೀಕ್ಷೆ ಓಡಿಸಿದೆವು. ಹನ್ನೆರಡೂವರೆಗೆ ಫಲಿತಾಂಶ ಬಂತು. ಒಂದೇ ಒಂದು ಬಿದ್ದಿತ್ತು, ಯಾವುದೋ ಲಿಫ್ಟ್ ಕಂಪನಿಯದು.

"ಒಂದೇ ತಾನೆ," ಎಂದೆ. "ಈ ಸಲ ತಪ್ಪು ಅನ್ನೋದು ಬೇಡ, ಬರೀ ಎಚ್ಚರಿಕೆ ಕೊಟ್ಟು ದಾಟಿಸೋಣ. ಅವರ ಕೆಲಸ ಯಾಕೆ ನಿಲ್ಲಿಸ್ಬೇಕು?"

"ಬೇಡ ಸರ್. ಊಟ ಮಾಡ್ಕೊಂಡು ಬಂದು ಅವರು ಬರೆದಿದ್ದನ್ನ ಓದ್ತೀನಿ. ಅಲ್ಲೀತನಕ ಮುಟ್ಟಬೇಡಿ."

ಅವರು ಡಬ್ಬಿ ಹಿಡಿದು ಅತ್ತ ಹೋದದ್ದೇ ತಡ, ನಾನು ಮುಟ್ಟಿದೆ. 'ತಪ್ಪು' ಎಂದಿದ್ದಲ್ಲಿ 'ಎಚ್ಚರಿಕೆ' ಎಂದು ಬದಲಿಸಿದೆ. ಎಚ್ಚರಿಕೆಯನ್ನು ಓದುವ ಪ್ರಾಣಿ ಈ ಕಸುಬಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೂರು ಗಂಟೆಗೆ ತಾನೇ ಹೊರಡುವಂತೆ ಬಿಡುಗಡೆಯನ್ನು ಗಡಿಯಾರಕ್ಕೆ ಕಟ್ಟಿಟ್ಟೆ. ಆಮೇಲೆ ನಿಶ್ಚಿಂತೆಯಿಂದ ಊಟ ಮಾಡಿದೆ.

ಎರಡೂಕಾಲಿಗೆ ಅವರು ನನ್ನನ್ನು ಕರೆದರು. ಧ್ವನಿ ಬೇರೆಯಾಗಿತ್ತು.

"ಇಲ್ಲಿ ನೋಡಿ. ತಪಾಸಣೆ ಸ್ವಿಚ್ಚಿನ ಕರಾರು. ಮೆಕ್ಯಾನಿಕ್ ಲಿಫ್ಟಿನ ತಲೆ ಮೇಲೆ, ಅಂದ್ರೆ ಅದರ ಛಾವಣಿಗೆ, ಹತ್ತೋ ಮುಂಚೆ ಈ ಸ್ವಿಚ್ ಹಾಕ್ತಾರೆ. ಹಾಕಿದ ಮೇಲೆ ಯಾವ ಮಹಡಿಯಿಂದ ಯಾರು ಗುಂಡಿ ಒತ್ತಿದ್ರೂ ಲಿಫ್ಟ್ ಅಲ್ಲಾಡಬಾರದು. ಕರಾರಲ್ಲಿ ಇನ್ಯಾವ ಷರತ್ತೂ ಇಲ್ಲ. ಆದ್ರೆ ನೆರವೇರಿಸಿದವರು ಒಂದು ಸೇರಿಸಿದಾರೆ, ಎಲ್ಲಾ ಮಹಡಿ ಬಾಗಿಲೂ ಮುಚ್ಚಿದ್ರೆ ಮಾತ್ರ ಸ್ವಿಚ್ ಕೆಲಸ ಮಾಡುತ್ತಂತೆ."

"ಸರಿ, ಮುಚ್ಚಿರುತ್ತೆ."

"ತಲೆ ಮೇಲೆ ಹತ್ತೋದೇ ಒಂದು ಬಾಗಿಲು ತೆಗೆದು, ಸರ್."

ಕಂಪನಿಯ ಹೆಸರನ್ನು ಅವರು ಇನ್ನೊಮ್ಮೆ ಓದಿದರು. ಓದಿದ್ದೇ ಪೆನ್ಸಿಲ್ ಮೇಜಿನ ಮೇಲಿಟ್ಟು ಫೋನ್ ತೆಗೆದುಕೊಂಡರು. ಅದೇ ಕಂಪನಿಯ ಹೊಸ ಲಿಫ್ಟನ್ನು ಹಿಂದಿನ ದಿನ ಒಂಬತ್ತು ಮಹಡಿಯ ಕಟ್ಟಡವೊಂದಕ್ಕೆ ಕೂರಿಸಿದ್ದರು. ಇವತ್ತು ಊಟವಾದ ಮೇಲೆ ಅದರ ತಲೆ ಮೇಲೆ ಹತ್ತಬೇಕಾಗಿದ್ದವರು ಅವರ ಗಂಡ.

ಫೋನ್ ರಿಂಗಾಗುತ್ತಲೇ ಇತ್ತು. "ಕೆಲಸದಲ್ಲಿದ್ದಾಗ ಫೋನನ್ನ ಸಲಕರಣೆ ಪೆಟ್ಟಿಗೆಯೊಳಗೆ ಇಟ್ಟುಬಿಡ್ತಾರೆ," ಎಂದರು. ಮತ್ತೆ ಮಾಡಿದರು. ಕಟ್ಟಡ ಎರಡು ಬೀದಿ ಆಚೆಗಿತ್ತು. ಅವರನ್ನು ನನ್ನ ಸ್ಕೂಟರ್ ಹತ್ತಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವರು ಗಂಡನ ನಂಬರ್ ಒತ್ತುತ್ತಲೇ ಇದ್ದರು. ನನ್ನ ತಲೆಯಲ್ಲಿ ಗಡಿಯಾರಕ್ಕೆ ಕಟ್ಟಿಟ್ಟ ಬಿಡುಗಡೆಯೇ ಓಡುತ್ತಿತ್ತು.

ಕೆಳಗಡೆ ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಹಲಗೆ ತೂಗಿತ್ತು. ಅದರ ಮೇಲೆ ಮಹಡಿ ತೋರಿಸುವ ಕೆಂಪು ಅಂಕಿ ಎಂಟಿತ್ತು. ನಾವು ನೋಡುತ್ತಿದ್ದಂತೆ ಏಳಾಯಿತು. ಆರಾಯಿತು. ಒಳಗೆಲ್ಲೋ ಹಗ್ಗ ಸರಿಯುವ ಸದ್ದು.

ತಕರಾರಮ್ಮ ಮೆಟ್ಟಿಲ ಕಡೆ ಓಡಿದರು. ವರ್ಷಗಟ್ಟಲೆ ಕಾಲು ಮಡಚಿ ಕೂತ ಹೆಂಗಸು ಎರಡೆರಡು ಮೆಟ್ಟಿಲು ಹಾರಿದ್ದನ್ನು ನಾನು ಕಣ್ಣಾರೆ ಕಂಡೆ. "ರೀ," ಎಂದು ಪ್ರತಿ ಮಹಡಿಗೂ ಕೂಗುತ್ತಿದ್ದರು. ಉತ್ತರವಿಲ್ಲ. ಆರನೇ ಮಹಡಿಯಲ್ಲಿ ನಾನು ಕಂಬಿ ಹಿಡಿದು ನಿಂತು, ಮತ್ತೆ ಹತ್ತಿದೆ. ಹೆದರಿಕೆಯಾಗಿತ್ತು ನನಗೆ.

ಒಂಬತ್ತನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು. ಚೌಕಟ್ಟು ಹಿಡಿದು ಒಬ್ಬರು ಕೆಳಗಿನ ಕತ್ತಲೆಗೆ ಬಗ್ಗಿ ನೋಡುತ್ತಿದ್ದರು. ಎರಡೂ ಕಾಲು ನೆಲದ ಮೇಲಿದ್ದವು.

"ನೀನ್ಯಾಕೆ ಇಲ್ಲಿ?" ಎಂದರು ಗಂಡ.

ಆಕೆ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಅಳತೊಡಗಿದರು. ಗಂಡ ಗಾಬರಿಯಾಗಿ ಹತ್ತಿರ ಬಂದು ಕೂತರು.

"ನಂಗೇನಾಗಿದೆ? ನಾನು ಹತ್ತಲೇ ಇಲ್ಲ. ಇಲ್ಲಿಂದಲೇ ಕೈ ಚಾಚಿ ತಪಾಸಣೆ ಸ್ವಿಚ್ ಹಾಕಿದೆ. ಆಮೇಲೆ ಎರಡನೇ ಮಹಡೀಲಿ ನಿಂತಿರೋ ವಾಚ್‌ಮ್ಯಾನ್ ಕೈಲಿ ಗುಂಡಿ ಒತ್ತಿಸಿದೆ. ಹೊರಟೇ ಹೋಯ್ತು ನೋಡು, ದರಿದ್ರದ್ದು."

"ಯಾವಾಗ್ಲೂ ಹಾಗೆ ಒತ್ತಿಸ್ತೀರಾ?" ಎಂದು ನಾನು ಕೇಳಿದೆ.

"ಮತ್ತೆ? ನಾನೇ ಸ್ವಿಚ್ ಹಾಕಿ, ಹಾಕಿದೀನಿ ಅಂತ ನಾನೇ ನಂಬಿದ್ರೆ ಅದು ಪರೀಕ್ಷೆನಾ?" ಎಂದರು. ಬಳಿಕ ಕೆಳಗೆ ನೋಡಿ, "ಯಾವ ಪುಣ್ಯಾತ್ಮ ಪಾಸ್ ಮಾಡಿದ್ನೋ ಇದನ್ನ," ಎಂದು ಗೊಣಗಿದರು.

"ನಾನು," ಎಂದರು ಹೆಂಡತಿ.

ಅವರು ತಿರುಗಿ ನೋಡಿದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಏಳು ವರ್ಷದ ತಪ್ಪನ್ನು ನಾಲ್ಕು ಮಾತಿನಲ್ಲಿ ಹೇಳಿದರು. ನೆಪ ಹೇಳಲಿಲ್ಲ, ನನ್ನ ಹೆಸರು ಎತ್ತಲಿಲ್ಲ. ಗಂಡ ಅಂಗೈಗೆ ಹತ್ತಿದ ಗ್ರೀಸ್ ಉಜ್ಜಿಕೊಂಡರು.

"ಈ ಲಿಫ್ಟ್ ಇನ್ನೂ ಎಷ್ಟು ಕಡೆ ಕೂರಿಸಿದಾರೋ. ಎಲ್ಲರೂ ನನ್ನ ಥರ ಒತ್ತಿಸಿ ನೋಡಲ್ಲ. ಮೊದಲು ಕಂಪನಿಗೆ ಫೋನ್ ಮಾಡ್ತೀನಿ," ಎಂದರು. "ಈಗ ಸರಿ ಮಾಡಿದ್ಯಾ?"

"ಬೆಳಿಗ್ಗೇನೇ ಮಾಡಿದೆ. ಮೂರು ಗಂಟೆಗೆ ಬಿಡುಗಡೆ. ಇನ್ಮೇಲೆ ಇಂಥದ್ದು ನಮ್ಮನ್ನ ದಾಟಿ ಹೋಗಲ್ಲ." ಆಕೆ ನನ್ನ ಕಡೆ ತಿರುಗಿದರು. "ಅಲ್ವಾ ಸರ್?"

ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ ಕಮ್ಮಿ ಇತ್ತು.

"ದಾಟುತ್ತೆ," ಎಂದೆ. "ನೀವು ಊಟಕ್ಕೆ ಹೋದಾಗ ನಾನು ಅದನ್ನ ಬರೀ ಎಚ್ಚರಿಕೆ ಮಾಡಿಟ್ಟೆ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಗಂಡ ತೆರೆದ ಬಾಗಿಲನ್ನು ಎಳೆದು ಮುಚ್ಚಿದರು. ನಾನು ಜೇಬಿನಿಂದ ಫೋನ್ ತೆಗೆದು ಕಚೇರಿಗೆ ಹಚ್ಚಿದೆ.

"ಬಿಡುಗಡೆ ನಿಲ್ಲಿಸಿ," ಎಂದೆ. "ಇಲ್ಲ, ಮೇಡಂ ತಕರಾರಲ್ಲ. ಯಾರು ಕೇಳಿದ್ರೂ ನನ್ನ ತಕರಾರು ಅಂತ ಹೇಳಿ."