ಲಾರಿ ಕಾಕಾ ಕತ್ತರಿಸಿ ತೆಗೆಸಿದ ಹಾಡು

ಮೊನ್ನೆ ತವರಿನಲ್ಲಿ ಖಾರದ ಪುಡಿಗೆಂದು ಮೆಣಸಿನಕಾಯಿ ಹುರಿಯುತ್ತಿದ್ದೆ. ಘಾಟು ನೆತ್ತಿಗೇರಿತು. ಸೀನಿ ಸೀನಿ ಸಾಕಾಗಿ ಒಲೆ ಆರಿಸಿ ಕೂತೆ. ಆ ಘಾಟಿನ ಜೊತೆಗೇ ಕಿವಿಯೊಳಗೆ ಒಂದು ಗಿಟಾರ್ ಕಿರುಚಿತು. ಪಕ್ಕದ ಮನೆಯ ಲಾರಿ ಕಾಕಾ ನೆನಪಾದರು...

ತೊಂಬತ್ತರ ದಶಕದ ಮೊದಲ ವರ್ಷಗಳು. ಕಾಕಾ ಬ್ಯಾಡಗಿಯಿಂದ ಮುಂಬಯಿಗೆ ಮೆಣಸಿನಕಾಯಿ ಒಯ್ಯುತ್ತಿದ್ದರು. ಅಲ್ಲಿಯ ಫುಟ್‌ಪಾತಿನಲ್ಲಿ ಹಿಂದಿ ಸಿನಿಮಾ ಹಾಡು ಅಂತ ಚೌಕಾಸಿ ಮಾಡಿ ತಂದ ಡಬ್ಬಿಯೊಳಗೆ ಇದ್ದದ್ದು ಅಮೆರಿಕದ ಯಾವುದೋ ಪಂಕ್ ತಂಡದ ಕ್ಯಾಸೆಟ್. ಗಿಟಾರ್ ಜಗಳಕ್ಕೇ ಬರುತ್ತಿತ್ತು. ಹಾಡುವವನು ಹಾಡುತ್ತಿರಲಿಲ್ಲ, ಚೀರುತ್ತಿದ್ದ. ಅವರ ಹೆಂಡತಿ, ನಮ್ಮ ಕಾಕು, ಅದನ್ನು ಮನೆಯೊಳಗೆ ತರಲೇಬೇಡಿ ಅಂದುಬಿಟ್ಟರು. ಲಾರಿಯಲ್ಲಿ ಮಾತ್ರ ಅದರದೇ ದರ್ಬಾರು.

ಅದಕ್ಕೆ ಕಾರಣವಿತ್ತು. ಹಿಂದೊಮ್ಮೆ ಘಟ್ಟ ಇಳಿಯುವಾಗ ಕಾಕಾನಿಗೆ ಕಣ್ಣು ಹತ್ತಿ, ಲಾರಿ ಉರುಳಿ, ಪಕ್ಕದಲ್ಲಿ ಕೂತಿದ್ದ ಅವರ ತಮ್ಮ ಉಳಿಯಲಿಲ್ಲ. ಅಂದಿನಿಂದ ಅವರಿಗೆ ನಿದ್ದೆಯೆಂದರೆ ಹೆದರಿಕೆ. ಆ ಚೀರಾಟವಿದ್ದರೆ ಕಣ್ಣು ಮುಚ್ಚುತ್ತಿರಲಿಲ್ಲ. ಊರಲ್ಲಿದ್ದಾಗಲೂ ಕೂತಲ್ಲಿ ಕೂರುತ್ತಿರಲಿಲ್ಲ. ಟೈರಿಗೆ ಒದೆಯುವುದು, ಬಿಗಿದ ಹಗ್ಗವನ್ನೇ ಮತ್ತೆ ಬಿಗಿಯುವುದು, ಅಂಗಳ ಸುತ್ತುವುದು... ನೋಡಿ ನೋಡಿ ನನಗೇ ಕಾಲು ನೋಯುತ್ತಿತ್ತು.

ನಾನಾಗ ರಾಣೆಬೆನ್ನೂರಿನ ಕಾಲೇಜಿಗೆ ಹೋಗುತ್ತಿದ್ದೆ. ಸಿಕ್ಕವರ ಕ್ಯಾಸೆಟ್ ಬಿಚ್ಚಿ ಸರಿಮಾಡುವ ಚಟ ನನಗೆ. ಒಂದು ಮಧ್ಯಾಹ್ನ ಕಾಕಾ ಬಂದು, ನಡುವಿನ ಒಂದು ಹಾಡು ತೆಗೆದುಬಿಡು ಅಂದರು. ಯಾಕೆ ಅಂತ ಕೇಳಿದೆ.

"ಅಲ್ಲಿ ಅಂವ ಚೀರೂದು ಬಿಡ್ತಾನವ್ವಾ. ಸಮಾಧಾನ ಮಾಡಿದಂಗ ಹಾಡ್ತಾನ. ನನಗ ಅಲ್ಲೇ ಕಣ್ಣ ಹತ್ತತೈತಿ."

ಟೇಪು ಕತ್ತರಿಸಿದರೆ ಇನ್ನೊಂದು ಬದಿಯದೂ ಅಷ್ಟು ಹೋಗುತ್ತದೆ ಎಂದೆ. ಹೋಗಲಿ ಅಂದರು. ಕ್ಯಾಸೆಟ್ಟಿನ ಒಳಗೆಲ್ಲ ಮೆಣಸಿನ ಕೆಂಪು ಧೂಳು. ಬ್ಲೇಡಿನಿಂದ ಆ ಭಾಗ ತೆಗೆದು, ತುದಿಗಳನ್ನು ನನ್ನ ನೇಲ್ ಪಾಲಿಶ್‌ನಿಂದ ಅಂಟಿಸಿದೆ. ಟೇಪು ಒಂದು ಚೀರಾಟದಿಂದ ಇನ್ನೊಂದಕ್ಕೆ ಜಿಗಿಯುವ ಹಾಗಾಯಿತು. ಕಾಕಾ ಖುಷಿಯಿಂದ ಒಯ್ದರು.

ಎಷ್ಟೋ ವರ್ಷದ ಮೇಲೆ ಕಣ್ಣಿಗೆ ಪೊರೆ ಬಂದು ಲಾರಿ ಓಡಿಸುವುದನ್ನು ನಿಲ್ಲಿಸಿದರು. ಇನ್ನಾದರೂ ನಿಶ್ಚಿಂತೆಯಿಂದ ಮಲಗಬಹುದಿತ್ತು. ನಿದ್ದೆಯೇ ಹತ್ತಿರ ಸುಳಿಯಲಿಲ್ಲ. ಕಾಕು ಗುಳಿಗೆ ಕೊಡಿಸಿದರು, ಕದರಮಂಡಲಗಿಗೆ ಕರೆದೊಯ್ದು ಹನುಮಪ್ಪನ ಮುಂದೆ ಕೂರಿಸಿದರು. ಅಲ್ಲೂ ಕೂರದೆ ಕಂಬದಿಂದ ಕಂಬಕ್ಕೆ ಅಡ್ಡಾಡಿದರಂತೆ. ನಾನು ತವರಿಗೆ ಬಂದದ್ದು ಗೊತ್ತಾಗಿ ಒಂದು ಸಂಜೆ ಬಾಗಿಲಿಗೆ ಬಂದರು.

"ತಂಗೀ, ಆ ತುಂಡ ಇಟ್ಟೀಯೇನ?"

ಯಾವ ತುಂಡು ಎಂದು ಕೇಳಬೇಕಾಗಲಿಲ್ಲ. ಅದು ಅಂದೇ ಕಸದ ಜೊತೆ ಹೋಗಿತ್ತು. ಇಲ್ಲರಿ ಕಾಕಾ, ಅಂದೆ. ಇರಲಿ ಬಿಡು ಅಂದರು. ಹೊಸ್ತಿಲಲ್ಲೇ ಸ್ವಲ್ಪ ಹೊತ್ತು ಹಿಂದಕ್ಕೂ ಮುಂದಕ್ಕೂ ಓಲಾಡುತ್ತ ನಿಂತರು... ಮರುವರ್ಷ ತೀರಿಕೊಂಡರು.

ಮೊನ್ನೆ ಒಲೆ ಆರಿಸಿ ಕೂತವಳು, ಕ್ಯಾಸೆಟ್ಟಿನ ಮೇಲಿದ್ದ ಹೆಸರು ನೆನಪಿಸಿಕೊಂಡು ಫೋನಿನಲ್ಲಿ ಹುಡುಕಿದೆ. ಸಿಕ್ಕಿತು. ಕೇಳಿದವರೇ ಕಡಿಮೆ, ಆ ದೇಶದವರೂ ಮರೆತಂತಿದೆ. ಮರೆಯುವಂಥದ್ದಲ್ಲ. ಆ ಕೂಗಾಟದ ಒಳಗೆ ಎಷ್ಟು ದುಃಖವಿದೆ ಅಂತ ಈಗ ತಿಳಿಯಿತು. ಸಂಗೀತದ ಹುಚ್ಚಿರುವವರು ಒಮ್ಮೆ ಕೇಳಲೇಬೇಕು.

ನಾನು ಕತ್ತರಿಸಿದ ಜಾಗ ಬಂತು. ಈಗ ಜಿಗಿಯುತ್ತದೆ ಎಂದುಕೊಂಡೆ. ಜಿಗಿಯಲಿಲ್ಲ. ಅವನು ಚೀರುವುದು ಬಿಟ್ಟು ಸಣ್ಣ ದನಿಯಲ್ಲಿ ಹಾಡತೊಡಗಿದ. ಕಿಟಕಿಯಾಚೆ ಲಾರಿ ನಿಲ್ಲುತ್ತಿದ್ದ ಜಾಗ. ತುಂಡು ಸಿಕ್ಕಿದೆ, ಕೇಳಿ ಮಲಗುವವರು ಇಲ್ಲ. ಆದರೂ ಮುಂದಿನ ಹಾಡು ಚೀರುವ ಮೊದಲೇ ಫೋನ್ ಬಂದ್ ಮಾಡಿದೆ.